ಎರಡು ಒತ್ತಿನ ಹೆಸರು

ಮಾಯಸಂದ್ರದಲ್ಲಿ ಬಸ್ಸು ಇಳಿದ ಮಂಗಳಾಗೆ ಮೊದಲು ಕಂಡದ್ದು ತನ್ನ ಅವ್ವನ ಮುಖ. ಹೂವಿನಂಗಡಿಯ ಪಕ್ಕದ ಲೈಟು ಕಂಬಕ್ಕೆ ಕಟ್ಟಿದ್ದ ಆಳೆತ್ತರದ ಫ್ಲೆಕ್ಸಿನಲ್ಲಿ ಅವ್ವ ಇದ್ದಳು. ಜನ್ಮದಲ್ಲಿ ಉಡದ ಕೆಂಪು ರೇಷ್ಮೆ ಸೀರೆಯನ್ನು ಕಂಪ್ಯೂಟರಿನಲ್ಲೇ ಉಡಿಸಿ, ಹಿಂದೆ ಮೋಡ, ಎರಡು ಕಡೆ ದೀಪ ಇಟ್ಟಿದ್ದರು. ಕೆಳಗಡೆ ಕೈಮುಗಿದು ನಿಂತ ಮೊಮ್ಮಗ ಸೂರ್ಯಪ್ರಕಾಶನ ಫೋಟೋ ಅವ್ವನದಕ್ಕಿಂತ ಒಂದು ಗೇಣು ದೊಡ್ಡದಿತ್ತು. ಸೊಸೈಟಿ ಎಲೆಕ್ಷನ್ನು ಹತ್ತಿರ ಬಂದಿದೆ, ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ನಡುವೆ ದಪ್ಪಕ್ಷರದಲ್ಲಿ ಬರೆದಿದ್ದ ಹೆಸರು. 'ಶ್ರೀಮತಿ ಲಕ್ಷ್ಮೀದೇವಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು.

ಅವ್ವನ ಹೆಸರು ಹುಚ್ಚಕ್ಕ. ತೊಂಬತ್ತಮೂರು ವರ್ಷ ಅವಳು ಓಗೊಟ್ಟದ್ದು ಅದೊಂದೇ ಹೆಸರಿಗೆ.

ಹೂವಿನಂಗಡಿಯ ಸೌಮ್ಯ ಮಲ್ಲಿಗೆ ಕಟ್ಟುತ್ತಿದ್ದವಳು ತಲೆ ಎತ್ತಿದಳು. "ಬಾ ಮಂಗಳಕ್ಕ. ತವರಿಗೆ ಹೋಗಿದ್ದೋಳು ನೆನ್ನೆ ಬಂದೆ. ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಕುಂತಿವ್ನಿ. ಥೇಟ್ ಹುಚ್ಚಕ್ಕಜ್ಜಿ ಥರಾನೇ ಅವ್ರೆ. ಅಜ್ಜಿ ತಂಗಿಯೇನಕ್ಕ?"

ಮಂಗಳಾ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಪಾಪ, ಒಡಹುಟ್ಟಿದೋರು ಹೋದ್ರೆ ಎಷ್ಟು ಸಂಕಟ. ಅಜ್ಜಿ ಚೆನ್ನಾಗವ್ರಾ? ಹಬ್ಬಕ್ಕೆ ಹೂವ ತಗಳಕ್ಕೆ ಬತ್ತೀನಿ ಅಂದಿದ್ರು, ಬರ್ಲೇ ಇಲ್ಲ."

"ಅದು ಅಜ್ಜಿ ತಂಗಿಯಲ್ಲ ಕಣೇ. ಅಜ್ಜೀನೇ. ನಮ್ಮವ್ವ ತೀರ್ಕಂಡು ಒಂಬತ್ತು ದಿನ ಆಯ್ತು."

ಸೌಮ್ಯಳ ಕೈಯಲ್ಲಿದ್ದ ದಾರ ನಿಂತಿತು. ಫ್ಲೆಕ್ಸನ್ನೂ ಮಂಗಳಾಳ ಮುಖವನ್ನೂ ಒಂದೊಂದು ಸಲ ನೋಡಿ, "ಮತ್ತೆ ಈ ಹೆಸರು?" ಅಂದಳು.

"ಅದನ್ನ ಕೇಳಕ್ಕೇ ಹೋಯ್ತಿವ್ನಿ," ಅಂದ ಮಂಗಳಾ ಆಟೋಗೂ ಕಾಯದೆ ಊರಿನ ದಾರಿ ಹಿಡಿದಳು. ಎರಡು ಮೈಲಿ. ಬಿಸಿಲು ಸುಡುತ್ತಿತ್ತು, ಅವಳು ಅದಕ್ಕಿಂತ ಹೆಚ್ಚು ಸುಡುತ್ತಿದ್ದಳು. ಮಣ್ಣು ಮಾಡಿ, ಮೂರನೇ ದಿನ ಹಾಲುತುಪ್ಪ ಬಿಟ್ಟು ತುರುವೇಕೆರೆಗೆ ಹೋದವಳು ಆರು ದಿನ ಅಂಗನವಾಡಿ ನೋಡಿಕೊಂಡು ಹನ್ನೊಂದನೇ ದಿನದ ತಿಥಿಗೆಂದು ವಾಪಸು ಬಂದಿದ್ದಳು. ಆರೇ ದಿನದಲ್ಲಿ ಹೆತ್ತವಳ ಹೆಸರನ್ನೇ ಮಾಯ ಮಾಡಿದ್ದರು. ಮೂವತ್ತು ವರ್ಷದಿಂದ ಊರ ಮಕ್ಕಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುತ್ತ ಬಂದವಳು ಅವಳು. ಒಂದು ದೀರ್ಘ ಹೆಚ್ಚುಕಮ್ಮಿಯಾದರೆ ಆ ಮಗುವಿಗೆ ಎಲ್ಲೆಲ್ಲಿ ತೊಂದರೆಯಾಗುತ್ತದೆ ಅನ್ನುವುದು ಅವಳಿಗೆ ಗೊತ್ತು. ಇಲ್ಲಿ ಹೆಸರಿಗೆ ಹೆಸರನ್ನೇ ಎತ್ತಿ ಬಿಸಾಕಿದ್ದಾರೆ.

ಹುಚ್ಚಕ್ಕ ಅನ್ನುವುದು ಯಾರೋ ತಮಾಷೆಗೆ ಇಟ್ಟ ಹೆಸರಲ್ಲ. ಶೆಟ್ಟಿಕೆರೆಯಲ್ಲಿ ಅವ್ವನಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ವರ್ಷ ತುಂಬುವುದರೊಳಗೆ ಹೋಗಿದ್ದವು. ಮೂರಕ್ಕೂ ಚೆಂದ ಚೆಂದದ ದೇವರ ಹೆಸರು ಇಟ್ಟಿದ್ದರಂತೆ. ನಾಲ್ಕನೆಯದು ಹುಟ್ಟಿದಾಗ ಮನೆಯ ಮುದುಕಿ ಅದನ್ನು ಮೊರದಲ್ಲಿ ಹಾಕಿ, ತಿಪ್ಪೆಯ ಮೇಲಿಟ್ಟು, ಪಕ್ಕದ ಮನೆಯವಳ ಕೈಯಲ್ಲಿ ಎತ್ತಿಸಿ, ಒಂದು ಹಿಡಿ ತೌಡು ಕೊಟ್ಟು ವಾಪಸು ತೆಗೆದುಕೊಂಡಳು. ತಿಪ್ಪೆಯಲ್ಲಿ ಸಿಕ್ಕಿ ತೌಡಿಗೆ ಬಂದ ಮಗು, ಅದರ ಮೇಲೆ ಹುಚ್ಚಿ ಅಂತ ಹೆಸರು. ಇಂಥದ್ದನ್ನು ಯಮ ಯಾಕೆ ಮೂಸಿ ನೋಡುತ್ತಾನೆ ಅನ್ನುವುದು ಆ ಕಾಲದವರ ಲೆಕ್ಕಾಚಾರ. ಅವನು ನೋಡಲಿಲ್ಲ. ಹುಚ್ಚಿ ದೊಡ್ಡವಳಾಗಿ ಹುಚ್ಚಕ್ಕನಾದಳು, ಹದಿನೈದಕ್ಕೆ ಕೆಂಚಪ್ಪನ ಕೈಹಿಡಿದು ಈ ಊರಿಗೆ ಬಂದಳು.

ಮಂಗಳಾಗೆ ನಾಲ್ಕು ವರ್ಷ, ಅಣ್ಣ ಶಿವರಾಜುಗೆ ಹನ್ನೊಂದು ಆಗಿದ್ದಾಗ ಕೆಂಚಪ್ಪ ಹಾವು ಕಚ್ಚಿ ಸತ್ತ. ತೋಟವನ್ನು ನಮಗೆ ಬಿಟ್ಟುಕೊಟ್ಟು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗು ಅಂದ ಮೈದುನರ ಎದುರಿಗೆ ಅವ್ವ ಏಣಿ ಹಾಕಿ ಅಟ್ಟ ಹತ್ತಿದಳು. ಅಟ್ಟದ ತುಂಬ ವರ್ಷದ ಕಾಯಿ ಒಣಗುತ್ತಿತ್ತು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಂಡಾಗಿರುವುದನ್ನು ಒಂದು ಕಡೆ, ಇನ್ನೂ ನೀರಿರುವುದನ್ನು ಒಂದು ಕಡೆ ಹಾಕುತ್ತಾ ಹೋದಳು. ಸಂಜೆಗೆ ಇಳಿದು ಬಂದು, "ನನ್ನ ಕಿವಿ ಚೆನ್ನಾಗೈತೆ, ತೋಟ ನಾನೇ ನೋಡ್ಕತೀನಿ," ಅಂದಳಂತೆ. ಐವತ್ತು ವರ್ಷ ನೋಡಿಕೊಂಡಳು. ಹುಚ್ಚಕ್ಕನ ಮನೆಯ ಕೊಬ್ಬರಿ ಅಂದರೆ ತಿಪಟೂರಿನ ಮಂಡಿಯಲ್ಲಿ ಚೀಲ ಬಿಚ್ಚಿ ನೋಡುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಹೆಸರು ಅವಳಿಗೆ ಬಂದದ್ದು ಹೆರಿಗೆ ಮನೆಗಳಲ್ಲಿ. ಕಾಯಿ ಸುಲಿಯುವುದಕ್ಕೆ, ಕೊಬ್ಬರಿ ಒಡೆಯುವುದಕ್ಕೆ ಬರುತ್ತಿದ್ದ ಹೆಂಗಸರ ಕೂಸುಗಳ ಹೊಕ್ಕುಳಬಳ್ಳಿ ಕೊಯ್ಯುತ್ತಾ ಕೊಯ್ಯುತ್ತಾ ಅವಳು ಸೂಲಗಿತ್ತಿಯಾಗಿಬಿಟ್ಟಳು. ಯಾರ ಮನೆಯಲ್ಲಿ ಕೂಸು ನಿಲ್ಲುತ್ತಿರಲಿಲ್ಲವೋ ಅವರು ಬೋರನಕಣಿವೆಯ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಹುಟ್ಟಿದ ಮಗುವಿನ ಕಿವಿಗೆ ಬಾಯಿಟ್ಟು, "ನನ್ನೆಸರು ನಿನಗೆ ಕೊಟ್ಟಿವ್ನಿ, ಜ್ವಾಪಾನ," ಅನ್ನುತ್ತಿದ್ದಳು. ಹಾಗಾಗಿ ಆ ಸೀಮೆಯಲ್ಲಿ ಹುಚ್ಚಯ್ಯ, ಹುಚ್ಚಮ್ಮ, ಹುಚ್ಚರಂಗ ಅಂತ ಬೇಕಾದಷ್ಟು ಜನ. ಅವರನ್ನು ಉಳಿಸಿದ್ದು ಹೆಸರಲ್ಲ, ಅವ್ವ ಕುದಿಯುವ ನೀರಿನಲ್ಲಿ ಅದ್ದುತ್ತಿದ್ದ ಕುಡುಗೋಲು ಅನ್ನುವುದು ಅಂಗನವಾಡಿಯ ಮಂಗಳಾಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೆಸರಿನ ಮೇಲೆ ಅವಳಿಗೆ ನಂಬಿಕೆ ಇತ್ತು.

ಓದು ಮಾತ್ರ ಅವ್ವನಿಗೆ ಇರಲಿಲ್ಲ. ಮಂಗಳಾ ಚೊಚ್ಚಲ ಬಾಣಂತನಕ್ಕೆ ಬಂದಾಗ, ಊರೂರಲ್ಲಿ ಸಾಕ್ಷರತೆಯ ಪಾಠ ನಡೆಯುತ್ತಿದ್ದ ಕಾಲ, ಮಧ್ಯಾಹ್ನದ ಹೊತ್ತು ಮಗು ಮಲಗಿದ ಮೇಲೆ ಸ್ಲೇಟು ಹಿಡಿಸಿ ಅವ್ವನಿಗೆ ಹೆಸರು ಬರೆಯುವುದನ್ನು ಕಲಿಸಿದ್ದಳು. 'ಹು' ಬೇಗ ಬಂತು. ಚಕಾರದ ಒತ್ತಿಗೆ ಒಂದು ವಾರ ಹಿಡಿಯಿತು. ಕಕಾರದ ಒತ್ತನ್ನು ಮಾತ್ರ ಅವ್ವ ದಿನವೂ ಮರೆಯುತ್ತಿದ್ದಳು. "ಒಂದು ಒತ್ತು ಆಕಿವ್ನಲ್ಲ, ಸಾಕು ಬುಡೇ. ಒಂದ್ ಹೆಸರಿಗೆ ಎರಡೆರಡು ಎಂತಕ್ಕೆ?" ಅಂತ ಸ್ಲೇಟು ಮಡಗಿ ಎದ್ದುಹೋಗುತ್ತಿದ್ದಳು. ಆಮೇಲೆ ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟು ಕಲಿತಳು, ಅಷ್ಟೆ.

ಮನೆ ಮುಂದೆ ಶಾಮಿಯಾನ ಏಳುತ್ತಿತ್ತು. ಸೂರ್ಯಪ್ರಕಾಶ ಫೋನಿನಲ್ಲಿ ಕುರ್ಚಿಗಳ ವಿಚಾರ ಮಾತಾಡುತ್ತಾ ಓಡಾಡುತ್ತಿದ್ದ. ಅವನ ಅಪ್ಪ ಶಿವರಾಜು ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಆ ಮನುಷ್ಯ ಅರವತ್ತನಾಲ್ಕು ವರ್ಷದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ, ಮೊದಲು ತಾಯಿಗೆ, ಈಗ ಮಗನಿಗೆ.

"ಬನ್ನಿ ಅತ್ತೆ. ಬಿಸಿಲಲ್ಲಿ ನಡ್ಕೊಂಡ್ ಬಂದ್ರಾ? ನೀರು ಕುಡೀರಿ ಮೊದ್ಲು," ಅಂದ ಸೂರ್ಯಪ್ರಕಾಶ.

"ನೀರು ಆಮೇಲೆ. ಆ ಲಕ್ಷ್ಮೀದೇವಮ್ಮ ಯಾರ್ಲಾ?"

ಅವನು ಫೋನು ಜೇಬಿಗೆ ಹಾಕಿದ. "ನಿಧಾನಕ್ಕೆ ಮಾತಾಡಿ ಅತ್ತೆ, ಜನ ಅವ್ರೆ."

"ಜನ ಕೇಳ್ಲಿ ಅಂತಾನೇ ಕೇಳ್ತಿರೋದು. ಬಸ್ ಸ್ಟ್ಯಾಂಡಲ್ಲಿ ಸತ್ತಿರೋ ನಮ್ಮವ್ವನ್ನ ತೋರಿಸಿ ಅಜ್ಜಿ ಚೆನ್ನಾಗವ್ರಾ ಅಂತ ಕೇಳ್ತಾರೆ ಕಣ್ಲಾ ನನ್ನ. ಏನಂತ ಹೇಳ್ಲಿ? ಚೆನ್ನಾಗವ್ರೆ, ಹೆಸರು ಮಾತ್ರ ತೀರ್ಕೊಂಡೈತೆ ಅನ್ಲಾ?"

"ತಿಥಿಗೆ ತುಮಕೂರಿಂದ ಬೀಗರು ಬತ್ತಾರೆ, ಸೊಸೈಟಿಯೋರು ಬತ್ತಾರೆ. ಹುಚ್ಚಕ್ಕ ಅಂತ ಹಾಕ್ಸಿದ್ರೆ ಮೊಬೈಲಲ್ಲಿ ಫೋಟೋ ಹೊಡ್ದು ಎಲ್ಲಾ ಗ್ರೂಪಿಗೂ ಬಿಟ್ಟು ನಗ್ತಾರೆ. ನನ್ನ ಮದುವೇಲಿ ಆಗಿದ್ದು ನೆನಪಿಲ್ವಾ ನಿಮಗೆ?"

ನೆನಪಿತ್ತು. ಆರತಕ್ಷತೆಯಲ್ಲಿ ಮೈಕು ಹಿಡಿದಿದ್ದವನು ಹಿರಿಯರ ಹೆಸರು ಕೂಗುತ್ತಾ 'ಹುಚ್ಚಕ್ಕನವರು ವೇದಿಕೆಗೆ ಬರಬೇಕು' ಅಂದಾಗ ಹೆಣ್ಣಿನ ಕಡೆಯ ಹುಡುಗರು ಗೊಳ್ಳೆಂದಿದ್ದರು. ಅವ್ವ ಮಾತ್ರ ಸೆರಗು ಸರಿಮಾಡಿಕೊಂಡು, ಅದೇ ನಡಿಗೆಯಲ್ಲಿ ಹೋಗಿ ಅಕ್ಷತೆ ಹಾಕಿ ಬಂದಿದ್ದಳು.

"ನಕ್ಕರೆ ಅವರ ಹಲ್ಲು ಕಾಣಿಸ್ತವೆ, ನಮಗೇನು? ನಿನಗಿಂತ ಮುಂಚೆ ಎರಡು ಹೋಗಿದ್ವು, ಗೊತ್ತೇನೋ? ಶಾಲೆಗೆ ಸೇರೋವರೆಗೂ ನಿನ್ನೂ ಹುಚ್ಚ ಅಂತಾನೇ ಕರೀತಿದ್ದಿದ್ದು ಈ ಮನೇಲಿ. ಆ ಹೆಸರಲ್ಲಿ ಬದುಕ್ದೋನು, ಆ ಹೆಸರನ್ನೇ ಒರೆಸಾಕ್ದೆಯಲ್ಲೋ."

"ಅದೆಲ್ಲ ಸರಿ ಅತ್ತೆ. ಈಗ ಆಗಿ ಹೋಯ್ತು. ಕಾರ್ಡು ಹಂಚಾಯ್ತು, ಕಲ್ಲೂ ಆಯ್ತು."

ಮಂಗಳಾಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಯಾವ ಕಲ್ಲು?"

"ಗದ್ದುಗೆ ಕಲ್ಲು. ಲಕ್ಕಯ್ಯ ಕೆತ್ತಿ ಮುಗಿಸವ್ನೆ. ನಾಡಿದ್ದು ಬೆಳಿಗ್ಗೆ ತೋಟದಲ್ಲಿ ನಿಲ್ಲಿಸೋದು."

ಫ್ಲೆಕ್ಸು ನಾಲ್ಕು ದಿನದ ಬಿಸಿಲಿಗೆ ಹರಿದು ಯಾರದೋ ಕೊಟ್ಟಿಗೆಯ ಸೂರಿಗೆ ಹೋಗುತ್ತದೆ. ಕಾರ್ಡು ಒಲೆಗೆ ಹೋಗುತ್ತದೆ. ಕಲ್ಲು ಎಲ್ಲಿಗೂ ಹೋಗುವುದಿಲ್ಲ. ಮುಂದೆ ಈ ತೋಟಕ್ಕೆ ಬರುವ ಮಕ್ಕಳು ಮರಿಗಳು ಅದನ್ನು ಓದಿ, ಇಲ್ಲಿ ಲಕ್ಷ್ಮೀದೇವಮ್ಮ ಅನ್ನುವ ಒಬ್ಬಳು ಮಲಗಿದ್ದಾಳೆ ಅಂದುಕೊಳ್ಳುತ್ತಾರೆ. ಹುಚ್ಚಕ್ಕ ಅನ್ನುವ ಹೆಂಗಸು ಇದ್ದಳು ಅನ್ನುವುದಕ್ಕೆ ಒಂದು ಗುರುತೂ ಉಳಿಯುವುದಿಲ್ಲ. ಮಂಗಳಾಳ ದನಿ ಇದ್ದಕ್ಕಿದ್ದಂತೆ ತಗ್ಗಿತು. ಅವಳ ದನಿ ತಗ್ಗಿದರೆ ಜಾಸ್ತಿ ಹೆದರಬೇಕು ಅನ್ನುವುದು ಮನೆಯವರಿಗೆಲ್ಲ ಗೊತ್ತು.

"ಕೇಳು ಸೂರಿ. ಆ ಕಲ್ಲು ನಮ್ಮವ್ವನ ತಲೆ ಮೇಲೆ ಕೂರಾಕೆ ನಾನು ಬಿಡಾಕಿಲ್ಲ. ಯಾವನು ಹುಟ್ಟಿಸಿದ್ನೋ ಆ ಹೆಸರ, ಅವನ ಮುಖ ತೋರ್ಸು ನನಗೆ ಮೊದ್ಲು."

ಸೂರ್ಯಪ್ರಕಾಶ ಅಪ್ಪನ ಕಡೆ ನೋಡಿದ. ಶಿವರಾಜು ತನ್ನ ಕಾಲು ನೋಡಿಕೊಂಡ.

"ಹೇಳ್ಬಾರ್ದು ಅಂತಿದ್ದೆ ಅತ್ತೆ," ಅಂದ ಅವನು ಫೋನು ಹೊರಗೆ ತೆಗೆದ. "ಅಜ್ಜಿ ಟ್ರಂಕಲ್ಲಿ ಆಧಾರ್ ಕಾರ್ಡ್ ಹುಡುಕ್ತಿದ್ದೆ. ಇದು ಸಿಕ್ತು. ಒಂದು ಒಳ್ಳೆ ಹೆಸರು ಆಗ್ಲೇ ಐತಲ್ಲ ಅಂತ ಅದನ್ನೇ ಕೊಟ್ಟೆ."

ಅರಿಶಿನ ಬಣ್ಣದ ಹಾಳೆ, ಚಿನ್ನದ ಬಣ್ಣದ ಅಕ್ಷರ, ಒಂದೇ ಒಂದು ಸಾಲಿನ ಫೋಟೋ. 'ಲೇಟ್ ಕೆಂಚಪ್ಪ ಮತ್ತು ಶ್ರೀಮತಿ ಲಕ್ಷ್ಮೀದೇವಮ್ಮನವರ ಏಕೈಕ ಪುತ್ರಿ ಚಿ.ಸೌ. ಮಂಗಳಾ'. ಅದು ಅವಳದೇ ಲಗ್ನಪತ್ರಿಕೆ.

ಮಂಗಳಾ ಜಗಲಿಯ ಮೇಲೆ ಕೂತಳು. ಸೂರ್ಯಪ್ರಕಾಶ ಒಳಗಿಂದ ಒಂದು ಚೊಂಬು ನೀರು ತಂದು ಅವಳ ಪಕ್ಕ ಇಟ್ಟು ಹೋದ. ಅವನು ನಾಲ್ಕು ಮಾತು ಅಂದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು, ಅವಳು ಬೇಕೆಂದೇ ಮರೆತುಬಿಟ್ಟಿದ್ದ ಮಾತು. ತುರುವೇಕೆರೆಯ ಹೈಸ್ಕೂಲಿನಲ್ಲಿ ಅವಳನ್ನು ಹುಡುಗರು ಕರೆಯುತ್ತಿದ್ದದ್ದೇ ಹುಚ್ಚಿ ಮಗಳು ಅಂತ. ಲೆಕ್ಕದಲ್ಲಿ ಫಸ್ಟ್ ಬಂದರೂ ಹುಚ್ಚಿ ಮಗಳೇ, ಜಾರಿ ಬಿದ್ದರೂ ಹುಚ್ಚಿ ಮಗಳೇ. ಗಂಡನ ಕಡೆಯವರು ಮೇಷ್ಟರ ಮನೆತನ, ಎಲ್ಲರೂ ಓದಿದವರು. ಪ್ರೆಸ್ಸಿಗೆ ಕೊಡುವ ಚೀಟಿ ಬರೆಯುವಾಗ ಅವಳ ಪೆನ್ನು ಅವ್ವನ ಹೆಸರಿನ ಹತ್ತಿರ ನಿಂತಿತು. ಆಮೇಲೆ ಬೇರೊಂದು ಹೆಸರು ಬರೆಯಿತು. ಅಷ್ಟೇ ಆಗಿದ್ದರೆ ಚಿಕ್ಕವಳು ಅಂತ ತನಗೆ ತಾನೇ ಮಾಫಿ ಕೊಡಬಹುದಿತ್ತು. ಪತ್ರಿಕೆ ಬಂದ ದಿನ ಅವ್ವ ಸೀರೆಗೆ ಕೈ ಒರೆಸಿಕೊಂಡು ಅದನ್ನು ಹಿಡಿದು, "ನನ್ನೆಸರು ಎಲ್ಲೈತೆ ತೋರ್ಸೇ," ಅಂದಿದ್ದಳು. ಮಂಗಳಾ ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ನೋಡವ್ವ, ಶ್ರೀಮತಿ ಹುಚ್ಚಕ್ಕನವರ ಏಕೈಕ ಪುತ್ರಿ," ಅಂತ ಓದಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಓದಿದ್ದಳು. ಅವ್ವ ಆ ಚಿನ್ನದ ಅಕ್ಷರದ ಮೇಲೆ ಬೆರಳಾಡಿಸಿ, ಸಂಭ್ರಮದಲ್ಲಿ ಒಂದು ಪತ್ರಿಕೆಯನ್ನು ಟ್ರಂಕಿನಲ್ಲಿ ಎತ್ತಿಟ್ಟಳು.

ಸಿಟ್ಟೇನೂ ಕಡಿಮೆಯಾಗಲಿಲ್ಲ. ಅದನ್ನು ಯಾರ ಮೇಲೆ ಬಿಡಬೇಕು ಅನ್ನುವುದು ಮಾತ್ರ ತಿಳಿಯದಾಯಿತು. ಎರಡು ದಿನ ಮಂಗಳಾ ಶಾಮಿಯಾನದವನ ಜೊತೆ ಜಗಳವಾಡಿದಳು, ಅಡಿಗೆಯವನ ಜೊತೆ ಜಗಳವಾಡಿದಳು, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ಕಲ್ಲಿನ ವಿಚಾರ ಎತ್ತಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಲಕ್ಕಯ್ಯ ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು, ತೋಟದ ಮೂಡಲ ಬದಿಯಲ್ಲಿ ಅವ್ವನ ತಲೆಯ ಕಡೆ ಗಾರೆ ಹಾಕಿ ನಿಲ್ಲಿಸಿದ. ಮಂಗಳಾ ದೂರದಲ್ಲಿ ನಿಂತು ನೋಡಿದಳು. ಹೊಳೆಯುವ ಕರಿಕಲ್ಲಿನ ಮೇಲೆ ಅವಳು ಇಪ್ಪತ್ತಮೂರನೇ ವಯಸ್ಸಿನಲ್ಲಿ ಹೇಳಿದ ಸುಳ್ಳು ಬಿಳಿ ಬಣ್ಣ ತುಂಬಿಕೊಂಡು ನಿಂತಿತ್ತು. ಇದರ ವಿರುದ್ಧ ಬಾಯಿ ಬಿಡುವ ಹಕ್ಕು ತನಗೆಲ್ಲಿದೆ ಅಂತ ಅವಳು ಸೆರಗು ಕಚ್ಚಿಕೊಂಡು ಮನೆಗೆ ಬಂದಳು.

ಮಧ್ಯಾಹ್ನದ ಹೊತ್ತಿಗೆ ಕಾರುಗಳು ಬಂದವು. ಇಸ್ತ್ರಿ ಬಟ್ಟೆಯವರು ಫೋಟೋಕ್ಕೆ ಹೂವು ಹಾಕಿ, ಸೂರ್ಯಪ್ರಕಾಶನ ಕೈ ಕುಲುಕಿ, ಊಟ ಮಾಡಿ ಹೋದರು. ಅವರಲ್ಲಿ ಅವ್ವ ಎಷ್ಟು ಜನರನ್ನು ಕಂಡಿದ್ದಳೋ ದೇವರೇ ಬಲ್ಲ. ಊರವರು ಬಂದಿದ್ದರು. ಮಾಯಸಂದ್ರದಿಂದ ಸೌಮ್ಯ ಒಬ್ಬಳೇ ದೊಡ್ಡ ಹಾರ ತಂದಿದ್ದಳು. ಆದರೆ ಐನೂರು ಎಲೆಗೆ ಮಾಡಿಸಿದ ಅಡಿಗೆಯಲ್ಲಿ ಅರ್ಧಕ್ಕರ್ಧ ಹಾಗೇ ಇತ್ತು. ಶೆಟ್ಟಿಕೆರೆಯ ಕಡೆಯವರಿಲ್ಲ. ಬೋರನಕಣಿವೆಯ ಕಡೆಯವರಿಲ್ಲ. ಕೊಬ್ಬರಿ ಒಡೆಯುತ್ತಾ ಅವ್ವನ ಜೊತೆ ಮುದುಕಿಯರಾದ ಹೆಂಗಸರಲ್ಲಿ ಹೊರಗಿನ ಊರಿನವರು ಒಬ್ಬರೂ ಇಲ್ಲ.

"ಕಾರ್ಡು ಎಲ್ಲಾ ಕಡೆಗೂ ಕಳ್ಸಿದ್ದೆ. ಯಾಕೋ ಬರ್ಲಿಲ್ಲ ಜನ," ಅಂದ ಸೂರ್ಯಪ್ರಕಾಶ, ಖಾಲಿ ಸಾಲು ನೋಡುತ್ತಾ.

ಅಷ್ಟು ಹೊತ್ತಿಗೆ ಒಂದು ಗೂಡ್ಸ್ ಆಟೋ ಬಂದು ಚಪ್ಪರದ ಮುಂದೆ ನಿಂತಿತು. ಊರೂರು ತಿರುಗಿ ತೆಂಗಿನ ಚಿಪ್ಪು ಕೊಳ್ಳುವ ಶೆಟ್ಟಿಕೆರೆಯ ಹುಚ್ಚರಂಗಯ್ಯ, ಅರವತ್ತರ ಮನುಷ್ಯ, ಒಂದು ಹೊಸ ಬಿದಿರಿನ ಮೊರ ಹಿಡಿದುಕೊಂಡು ಇಳಿದ. ಅವನಮ್ಮ ಇದೇ ಮನೆಯಲ್ಲಿ ಕೊಬ್ಬರಿ ಒಡೆಯುತ್ತಿದ್ದವಳು. ಅವನು ಹುಟ್ಟಿದ್ದೇ ಈ ಮನೆಯ ಕಾಯಿ ಕೊಟ್ಟಿಗೆಯಲ್ಲಿ.

"ಏನ್ ಶಿವರಾಜಣ್ಣ, ಇಷ್ಟು ಜೋರಾಗಿ ಕಾರ್ಯ ಮಡಿಕಂಡಿದ್ದೀಯ, ನನಗೊಂದು ಮಾತು ಹೇಳ್ಬಾರ್ದಾ? ದೊಡ್ಡವ್ವ ಎಲ್ಲಿ? ಮೊರ ಬೇಕು ಅಂದಿತ್ತು, ಒಳ್ಳೇದು ನೋಡಿ ತಂದಿವ್ನಿ."

ಶಿವರಾಜು ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ. "ಅವ್ವ ಹೋಯ್ತು ಕಣೋ ರಂಗಯ್ಯ. ಹನ್ನೊಂದು ದಿನ ಆಯ್ತು."

ಹುಚ್ಚರಂಗಯ್ಯ ಫೋಟೋ ನೋಡಿದ. ಕೆಳಗಿನ ಹೆಸರು ನೋಡಿದ. "ಈ ಕಾರ್ಡು ನನ್ನ ಮೊಬೈಲಿಗೂ ಬಂದಿತ್ತಲ್ಲ," ಅಂದ. "ಫೋಟೋ ಸರಿಯಾಗಿ ಕಾಣ್ತಿರ್ಲಿಲ್ಲ. ಯಾರೋ ಲಕ್ಷ್ಮೀದೇವಮ್ಮ, ಇವರ ದಾಯಾದಿಗಳಿರ್ಬೇಕು ಅಂತ ಸುಮ್ಕಾದೆ." ಅವನು ಮೊರವನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತು ಅತ್ತ. ಆಮೇಲೆ ಎದ್ದವನ ಮುಖವೇ ಬೇರೆಯಾಗಿತ್ತು. ನೇರವಾಗಿ ಸೂರ್ಯಪ್ರಕಾಶನ ಮುಂದೆ ಬಂದು ನಿಂತ.

"ನನ್ನೆಸರು ಗೊತ್ತೇನಪ್ಪ ನಿನಗೆ? ಹುಚ್ಚರಂಗಯ್ಯ. ನನಗಿಂತ ಮುಂಚೆ ನಮ್ಮವ್ವನಿಗೆ ನಾಕು ಹೋಗಿದ್ವು. ದೊಡ್ಡವ್ವ ತನ್ನೆಸರು ಕೊಟ್ಟು ಉಳಿಸ್ತು ನನ್ನ. ನಮ್ಮ ಕಡೆ ನಾವು ಒಂಬತ್ತು ಜನ ಇದೀವಿ ಆ ಹೆಸರಿನೋರು. ಒಬ್ಬರಿಗೂ ಗೊತ್ತಿಲ್ಲ. ಒಂದು ಹಿಡಿ ಮಣ್ಣು ಹಾಕಕ್ಕೂ ಬರ್ಲಿಲ್ಲ ನಾವು. ನಮ್ಮನ್ನೆಲ್ಲ ದೂರ ಇಡಕ್ಕೆ ಅಂತಾನೇ ಹೆಸರು ಬದಲಾಯಿಸ್ದೇನೋ? ಯಾರು ಕೊಟ್ರು ನಿನಗೆ ಆ ಅಧಿಕಾರ?"

ಸೂರ್ಯಪ್ರಕಾಶನ ಬಾಯಿ ತೆರೆಯಿತು. ಅವನ ಕಣ್ಣು ಒಂದು ಸಲ ಮಂಗಳಾಳ ಕಡೆ ಹೋಗಿ ವಾಪಸು ಬಂತು. "ತಪ್ಪಾಯ್ತು ರಂಗಣ್ಣ," ಅಂತಷ್ಟೇ ಅಂದು ತಲೆ ತಗ್ಗಿಸಿದ.

ತನ್ನನ್ನು ಮರೆಮಾಚುತ್ತಿದ್ದಾನೆ. ಎರಡು ದಿನದ ಹಿಂದೆ ಹತ್ತು ಜನರ ಎದುರಿಗೆ ತಾನು ಬಾಯಿಗೆ ಬಂದಂತೆ ಬೈದ ಹುಡುಗ ಈಗ ಹತ್ತು ಜನರ ಎದುರಿಗೆ ತನ್ನ ಪಾಲಿನದನ್ನೂ ಸೇರಿಸಿ ಬೈಸಿಕೊಳ್ಳುತ್ತಿದ್ದಾನೆ. ಮಂಗಳಾಗೆ ಅದನ್ನು ನೋಡಲಾಗಲಿಲ್ಲ.

"ಅವನನ್ನ ಬೈಬೇಡ ರಂಗಯ್ಯ," ಅಂದಳು. "ಆ ಹೆಸರು ಇಟ್ಟೋಳು ನಾನು. ನನ್ನ ಲಗ್ನಪತ್ರಿಕೇಲಿ ನಾಚ್ಕೊಂಡು ನಾನೇ ಹಾಕ್ಸಿದ್ದು. ಅವ್ವನಿಗೆ ಓದಕ್ಕೆ ಬರಲ್ಲ ಅಂತ ಸುಳ್ಳು ಓದಿ ಹೇಳಿದ್ದೂ ನಾನೇ. ಇವನು ಈಗ ಮಾಡಿದ್ದನ್ನ ನಾನು ಅವತ್ತೇ ಮಾಡಿದ್ದೆ, ಅದೂ ಅವಳು ಬದುಕಿದ್ದಾಗ್ಲೇ."

ಚಪ್ಪರದ ಕೆಳಗೆ ಬಡಿಸುತ್ತಿದ್ದವರೂ ನಿಂತರು. ಅವಳು ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ಅವ್ವನ ಟ್ರಂಕು ತೆಗೆದಳು. ಆ ಪತ್ರಿಕೆಯನ್ನು ಚೂರು ಚೂರು ಹರಿದು ಒಲೆಗೆ ಹಾಕುವುದೊಂದೇ ಅವಳ ತಲೆಯಲ್ಲಿದ್ದದ್ದು. ಎರಡು ಸೀರೆಯ ಕೆಳಗೆ, ಅರಿಶಿನದ ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು. ಮಡಿಕೆ ಬಿಚ್ಚಿದಳು.

ಚಿನ್ನದ ಸಾಲು ಹಾಗೇ ಇತ್ತು. ಅದರ ಕೆಳಗೆ, ಮಡಿಕೆಯೊಳಗಿದ್ದು ಸೂರ್ಯಪ್ರಕಾಶನ ಫೋಟೋದಲ್ಲಿ ಬಾರದಿದ್ದ ಜಾಗದಲ್ಲಿ, ಪೆನ್ಸಿಲಿನಿಂದ ಒತ್ತಿ ಒತ್ತಿ ಬರೆದ ಮೂರು ಅಕ್ಷರ ಇದ್ದವು. ಡೊಂಕಾದ ಒಂದು 'ಹು'. ಒತ್ತು ಹಾಕಿದ ಒಂದು 'ಚ್ಚ'. ಒತ್ತು ಮರೆತ ಒಂದು 'ಕ'.

ಸ್ಲೇಟು ಹಿಡಿದ ಆ ಬಾಣಂತನದ ಮಧ್ಯಾಹ್ನಗಳಾದ ಮೇಲೆ ಎಂದೋ ಒಂದು ದಿನ ಅವ್ವ ಈ ಟ್ರಂಕು ತೆಗೆದಿದ್ದಾಳೆ. ಮಗಳು ಬೆರಳಿಟ್ಟು ತೋರಿಸಿದ ಆ ಸಾಲನ್ನು ತಾನೇ ಓದಿ ನೋಡುವ ಆಸೆಯಿಂದ ತೆಗೆದಿರಬೇಕು. 'ಕ್ಷ್ಮೀ' ಅನ್ನುವ ಅಕ್ಷರ ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ಹೆಸರಿನಲ್ಲಿ ಎಲ್ಲೂ 'ಹು' ಇಲ್ಲ ಅನ್ನುವಷ್ಟು ಓದು ಅವಳಿಗೆ ಬಂದಿತ್ತು. ಆ ಓದನ್ನು ಕಲಿಸಿದವಳೂ ಮಂಗಳಾನೇ. ಅಚ್ಚಾದ ಹೆಸರನ್ನು ಅವ್ವ ಹೊಡೆದುಹಾಕಿರಲಿಲ್ಲ. ತನ್ನದನ್ನು ಕೆಳಗೆ ಬರೆದು, ಮತ್ತೆ ಅರಿಶಿನದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಆಮೇಲೆ ಮೂವತ್ತು ವರ್ಷ ಮಗಳು ಬಂದಾಗಲೆಲ್ಲ ಕಾಯಿ, ಕೊಬ್ಬರಿ, ರಾಗಿ ಹಿಟ್ಟು ಚೀಲಕ್ಕೆ ತುಂಬಿ ಬಸ್ಸು ಹತ್ತಿಸಿದ್ದಳು. ಒಂದು ಮಾತು ಕೇಳಲಿಲ್ಲ. ಒಂದೇ ಒಂದು ಸಲ ಬೈದಿದ್ದರೆ ಆಗುತ್ತಿರಲಿಲ್ಲವೇ? ಮಂಗಳಾಗೆ ಈಗ ಸಿಟ್ಟು ಬಂದದ್ದು ಅವ್ವನ ಮೇಲೆ. ಟ್ರಂಕಿನ ಅಂಚು ಹಿಡಿದು, ಗಟ್ಟಿಯಾಗಿ, ಮನೆಗೆಲ್ಲ ಕೇಳುವ ಹಾಗೆ ಅತ್ತಳು.

ಹೊರಗೆ ಬಂದಾಗ ಪತ್ರಿಕೆ ಹರಿದಿರಲಿಲ್ಲ. ಊಟಕ್ಕೆ ಕೂರುತ್ತಿದ್ದ ಲಕ್ಕಯ್ಯನ ಮುಂದೆ ಹಿಡಿದಳು.

"ಲಕ್ಕಯ್ಯ, ಊಟ ಆಮೇಲೆ ಮಾಡುವಂತೆ. ಗಾರೆ ಇನ್ನೂ ಹಸಿ ಐತಲ್ಲ, ಆ ಕಲ್ಲು ಕಿತ್ತು ಹಿಂದುಮುಂದು ಮಾಡು. ಹಿಂದ್ಗಡೆ ಇದನ್ನ ಕೆತ್ತು. ಹೆಂಗೈತೋ ಹಂಗೆ."

"ಹಿಂದ್ಗಡೆ ಪಾಲಿಶ್ ಇಲ್ವಲ್ಲಕ್ಕ. ಒರಟು."

"ಅವ್ವನ ಅಂಗೈಯೂ ಒರಟೇ ಇತ್ತು. ಕೆತ್ತು."

ಸೂರ್ಯಪ್ರಕಾಶ ಪತ್ರಿಕೆ ಇಸಿದುಕೊಂಡು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಬೀಗರು ಇನ್ನೂ ಕೂತಿದ್ದಾರೆ ಅನ್ನುವುದನ್ನೂ ಲೆಕ್ಕಿಸದೆ ಬಿಳಿ ಅಂಗಿಯ ತೋಳು ಮಡಿಸಿ, "ನಡಿ ಲಕ್ಕಯ್ಯ, ನಾನೂ ಕೈ ಹಾಕ್ತೀನಿ," ಅಂದ. ಹುಚ್ಚರಂಗಯ್ಯ ಮೊರವನ್ನು ಮಂಗಳಾಳ ಕೈಗೆ ಕೊಟ್ಟು ಆಟೋ ಹತ್ತಿದ. "ಎಲೆ ಎತ್ತಿಸಬ್ಯಾಡಿ ಕಣ್ರವ್ವ. ಇನ್ನೂ ಎಂಟು ಜನನ್ನ ಕರ್ಕಂಡ್ ಬತ್ತೀನಿ. ದಾರೀಲಿ ಸಿಕ್ಕೋರಿಗೆಲ್ಲ ಹೇಳ್ಕಂಡೇ ಹೋಯ್ತೀನಿ, ನಮ್ಮ ಹುಚ್ಚಕ್ಕ ಹೋಯ್ತು ಅಂತ," ಅಂದ. ಶಿವರಾಜು ಅಡಿಗೆಯವನ ಹತ್ತಿರ ಹೋಗಿ, ಸಾರು ಮತ್ತೆ ಬಿಸಿ ಮಾಡು ಅಂತ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ತೋಟದಲ್ಲಿ ನಾಲ್ಕು ಜನ ಸೇರಿ ಕಲ್ಲು ತಿರುಗಿಸಿದರು. ಹೊಳೆಯುವ ಮುಖ ಹಿಂದಕ್ಕೆ ಹೋಯಿತು. ಸೂರ್ಯಪ್ರಕಾಶ ಮಂಡಿಯೂರಿ ಪತ್ರಿಕೆಯನ್ನು ಕಲ್ಲಿನ ಪಕ್ಕಕ್ಕೆ ಹಿಡಿದ. ಲಕ್ಕಯ್ಯ ಅದನ್ನು ನೋಡಿಕೊಂಡು ಸೀಮೆಸುಣ್ಣದಲ್ಲಿ ಆ ಮೂರು ಅಕ್ಷರಗಳನ್ನು ದೊಡ್ಡದಾಗಿ ಬರೆದ. ಡೊಂಕು ಡೊಂಕಾಗಿಯೇ ಬರೆದ. ಉಳಿ ಎತ್ತಿಕೊಂಡವನು ಸುತ್ತಿಗೆ ಹಾಕುವ ಮುಂಚೆ ತಡೆದು ಮಂಗಳಾಳ ಕಡೆ ತಿರುಗಿದ.

"ಅಕ್ಕ, ಕೊನೇ ಅಕ್ಷರಕ್ಕೆ ಒತ್ತು ಬಿಟ್ಟೋಗೈತೆ. ಕಲ್ಲು ನೋಡಿ, ಆಮೇಲೆ ಆಗಲ್ಲ. ಈಗ್ಲೇ ಸೇರಿಸ್ಲಾ?"

ಮಂಗಳಾ ಮೊರ ಹಿಡಿದುಕೊಂಡು ಅವ್ವನ ಕಾಲ ಹತ್ತಿರ ನಿಂತಿದ್ದಳು.

"ಬ್ಯಾಡ ಬುಡು," ಅಂದಳು. "ಆ ಹೆಸರನ್ನ ನಾವು ತಿದ್ದಿದ್ದು ಸಾಕು."